ಹಾರ್ನಿನ ಬ್ಯಾನಿ ಎಲ್ಲದ, ಮೊದಲ ಮನ್ಯಾಗ ಹುಡುಕ್ರಿ

ಹೋದ ಆಷಾಢದಾಗ ನಮ್ಮ ಕಾರಿನ ಹಾರ್ನ್ ಕೈಕೊಡ್ತು. ನಮ್ಮನಿಯವರ ಕಣ್ಣಿನ ಪೊರಿ ತಗಸಿ ನಾಕು ದಿನ ಆಗಿತ್ತು. ಡಾಕ್ಟರಿಗೆ ತೋರಿಸ್ಕೊಂಡು ವಾಪಸ್ ಬರೂಮುಂದ, ಧಾರವಾಡದ ಮಾಳಮಡ್ಡಿ ಓಣಿಯೊಳಗ ಒಬ್ಬ ಹುಡುಗ ಹಿಂದ ಮುಂದ ನೋಡದ ಗೇಟಿನಿಂದ ಸೈಕಲ್ ಹೊರಗ ಬಿಟ್ಟ. ಹಾರ್ನ್ ಒತ್ತಿದೆ, ಸಪ್ಪಳನ ಇಲ್ಲ! ಪುಣ್ಯಾಕ್ಕ ಬ್ರೇಕ್ ಹಿಡೀತು. ಹುಡುಗ ಹಲ್ಲು ಕಿಸದು ಹೋದ, ನನ್ನ ಕಾಲು ಮಾತ್ರ ಮನಿ ಮುಟ್ಟೋತನಕ ನಡಗ್ತಿದ್ವು. ಐವತ್ತು ದಾಟಿದ ಮ್ಯಾಲೆ ಡ್ರೈವಿಂಗ್ ಕಲತಾಕಿ ನಾನು.

ನಮ್ಮ ಮಂದಿಗೆ ಹಾರ್ನ್ ಅಂದ್ರ ಬೈಗಳ ಇದ್ದಂಗ. ಸಿಗ್ನಲ್ ಹಸರಾಗೋಕಿಂತ ಮೊದಲ ಹಿಂದಿನವರು ಶುರು ಮಾಡ್ತಾರ. ಅದಕ್ಕ ಹಾರ್ನ್ ಕೆಟ್ರ "ಛಲೋ ಆತು ಬಿಡು" ಅಂತ ನಗೋರೂ ಇದ್ದಾರ. ನಾನೂ ನಕ್ಕಾಕಿನ. ಆ ಸೈಕಲ್ ನೋಡಿದ ಮ್ಯಾಲೆ ನಗು ಬರಲಿಲ್ಲ.

ಮರುದಿನ ಗ್ಯಾರೇಜಿಗೆ ಒಯ್ದೆ. ಅಲ್ಲಿಯ ಹುಡುಗ ಬಾನೆಟ್ ಸುದ್ದಾ ತಗೀಲಿಲ್ಲ. ಸ್ಟೇರಿಂಗ್ ಎರಡು ಸಲ ಒತ್ತಿ, "ಅಕ್ಕಾರ, ಒಳಗಿನ ಕ್ಲಾಕ್ ಸ್ಪ್ರಿಂಗ್ ಹೋಗ್ಯದ, ಐದಾರು ಸಾವಿರ ಆಗ್ತದ. ಸಾಹೇಬ್ರನ್ನ ಕಳಸ್ರಿ, ಅವರಿಗೆ ಹೇಳ್ತೀನಿ" ಅಂದ. ರೊಕ್ಕಕ್ಕಿಂತ ಈ "ಸಾಹೇಬ್ರನ್ನ ಕಳಸ್ರಿ" ಅನ್ನೂದು ನನಗ ಚುಚ್ಚಿತು. ನಮ್ಮ ಸಾಹೇಬ್ರಿಗೆ ಗೊತ್ತಿರೂ ಫ್ಯೂಜ್ ಒಂದ, ಮನಿ ಮೀಟರ್ ಪಕ್ಕದ್ದು. ಅದನ್ನೂ ಹಾಕಾಕಿ ನಾನ.

ಮಿಕ್ಸರ್ ತಿರುಗಲಿಲ್ಲ ಅಂದ್ರ ನಾವು ಹೆಣ್ಣುಮಕ್ಕಳು ಮೋಟಾರ್ ಸುಟ್ಟದ ಅಂತ ಒಮ್ಮೆಲೆ ಅಂತೀವೇನು? ಸ್ವಿಚ್ಚು, ಪ್ಲಗ್ಗು, ಅಡಿಯೊಳಗಿನ ಕೆಂಪು ಗುಂಡಿ ನೋಡಿ ಆಮ್ಯಾಲೆ ಅಂಗಡಿಗೆ ಒಯ್ತೀವಿ. ಕಾರಿಗೂ ಅದ ಬುದ್ಧಿ ಸಾಕು ಅಂತ ನನ್ನ ವಾದ.

ಕ್ಲಾಕ್ ಸ್ಪ್ರಿಂಗ್ ಅಂದ್ರ ಸುರುಳಿ ಸುತ್ತಿದ ಪಟ್ಟಿ. ಸ್ಟೇರಿಂಗ್ ಎಷ್ಟು ತಿರುಗಿದ್ರೂ ಅದರ ಮ್ಯಾಲಿನ ಗುಂಡಿಗೆ, ಏರ್‌ಬ್ಯಾಗಿಗೆ ಕರೆಂಟ್ ಮುಟ್ಟಸ್ತದ. ಅದು ಹರದ್ರ ಸಾಮಾನ್ಯವಾಗಿ ಏರ್‌ಬ್ಯಾಗಿನ ದೀಪಾನೂ ಹತ್ತತದ. ನಮ್ಮ ಕಾರಿನಾಗ ಹತ್ತಿರಲಿಲ್ಲ. ಅಲ್ಲೇ ನನಗ ಸಂಶಯ ಬಂತು.

ಮನಿಗೆ ಬಂದು ಬಾನೆಟ್ ಎತ್ತಿದೆ. ಫ್ಯೂಜ್ ಡಬ್ಬಿಯ ಮುಚ್ಚಳದ ಮ್ಯಾಲೆ ಹಾರ್ನಿನ ಗುರ್ತ ಇತ್ತು. ನಮ್ಮದು 15 ಆಂಪಿಯರಿನ ನೀಲಿ ಫ್ಯೂಜ್, ಕಿತ್ತಿ ಬೆಳಕಿಗೆ ಹಿಡದೆ, ಒಳಗಿನ ತಂತಿ ಗಟ್ಟಿ ಇತ್ತು. (ಸುಟ್ಟಿದ್ರ ಅಷ್ಟ ಆಂಪಿಯರಿಂದ ಹಾಕ್ರಿ. ದೊಡ್ಡದು ಹಾಕಿದ್ರ ಫ್ಯೂಜ್ ಉಳೀತದ, ವೈರ್ ಸುಡ್ತಾವ.) ಆಮ್ಯಾಲೆ ನಮ್ಮ ಅತ್ತಿಯವರನ್ನ ಡ್ರೈವರ್ ಸೀಟಿನಾಗ ಕೂಡಿಸಿ, "ಅತ್ತಿ, ನಾ ಹೂಂ ಅಂದಾಗೊಮ್ಮೆ ಒತ್ರಿ" ಅಂದೆ. ಎಂಬತ್ತೆರಡು ವರ್ಷದವರು, ಅಡಗಿಮನಿಯೊಳಗ ಇಷ್ಟು ಹುರುಪು ನಾ ಕಂಡಿಲ್ಲ. ಅವರು ಒತ್ತಿದಾಗೆಲ್ಲ ಡಬ್ಬಿಯೊಳಗಿನ ರಿಲೇ "ಟಿಕ್" ಅಂತಿತ್ತು. ಆ ಟಿಕ್ ಐದಾರು ಸಾವಿರದ ಮಾತು ನೋಡ್ರಿ! ರಿಲೇ ಟಿಕ್ ಅಂತು ಅಂದ್ರ ಸ್ಟೇರಿಂಗಿನ ಗುಂಡಿ, ಕ್ಲಾಕ್ ಸ್ಪ್ರಿಂಗ್ ಎರಡೂ ತಮ್ಮ ಕೆಲಸ ಮಾಡ್ಯಾವ. ಬ್ಯಾನಿ ಅಲ್ಲಿಂದ ಮುಂದ ಅದ.

ಟಿಕ್ ಅಂದ್ರೂ ರಿಲೇ ಒಳಗ ಸುಟ್ಟಿರಬಹುದು, ಅದಕ್ಕ ಸೀದಾ ಹಾರ್ನಿನ ಹಂತ್ಯಾಕ ಹೋದೆ. ಮುಂದಿನ ಗ್ರಿಲ್ಲಿನ ಹಿಂದ ಇರ್ತದ. ಅದಕ್ಕ ಬರೂ ಎರಡು ವೈರಿಗೆ ಹಳೇ ಸ್ಕೂಟರಿನ 12 ವೋಲ್ಟ್ ಬಲ್ಬು ಹಚ್ಚಿದೆ. ಅತ್ತಿಯವರು ಒತ್ತಿದ್ರು, ಹತ್ತಲಿಲ್ಲ. ಬಲ್ಬಿನ ಒಂದು ತುದಿ ಕರೆಂಟ್ ಬರೂ ವೈರಿನಾಗ ಬಿಟ್ಟು, ಇನ್ನೊಂದನ್ನ ಉದ್ದನ ವೈರ್ ಕಟ್ಟಿ ಬ್ಯಾಟರಿಯ ಮೈನಸ್ಸಿಗೆ ಮುಟ್ಟಿಸಿದೆ. ಈಗ ಒತ್ತಿದ್ರ ಝಗ್ಗಂತ ಹತ್ತಿತು! ಕರೆಂಟ್ ಬರ್ತದ, ತಿರುಗಿ ಹೋಗ್ಲಿಕ್ಕೆ ದಾರಿ ಇಲ್ಲ. ಕರೇ ವೈರ್ ಹಿಡಕೊಂಡು ಹೋದ್ರ, ಅದು ಬಾಡಿಗೆ ಕೂಡೂ ಬೋಲ್ಟಿನ ಮ್ಯಾಲೆ ತುಕ್ಕು ಹೊಪ್ಪಳಿಕಿ ಎದ್ದಿತ್ತು. ಧಾರವಾಡದ ಮಳಿ ಖರೆ, ಆದ್ರ ಪೈಪ್ ಹಿಡದು ಗ್ರಿಲ್ಲಿನಾಗ ನೀರು ಹೊಡದಾಕಿನೂ ನಾನ.

ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಬೋಲ್ಟ್ ತಗದು, ಪಾಲಿಶ್ ಪೇಪರಿಲೆ ಹೊಳಿಯೂಹಂಗ ತಿಕ್ಕಿ, ಬಿಗಿ ಮಾಡಿ, ಮ್ಯಾಲೆ ಒಂದೀಟು ವ್ಯಾಸಲಿನ್ ಸವರಿದೆ. ಹಾರ್ನ್ ಕೂಗಿತು. "ಸಾಕ್ರಿ ಅತ್ತಿ" ಅಂದ್ರೂ ಅವರು ಬಿಡಲಿಲ್ಲ, ಎದುರುಮನಿಯವರು ಹೊರಗ ಬಂದು ನೋಡಿದ್ರು.

ಗ್ಯಾರೇಜಿಗೆ ಹೋಗಲೇಬ್ಯಾಡ್ರಿ ಅಂತ ನಾ ಅನ್ನೂದಿಲ್ಲ. ಆ ಟಿಕ್ ಬರದಿದ್ರ ಸ್ಟೇರಿಂಗ್ ನಾ ಬಿಚ್ಚತಿದ್ದಿಲ್ಲ. ಅದರಾಗ ಏರ್‌ಬ್ಯಾಗ್ ಇರ್ತದ, ತಿಳೀದವರು ಕೈ ಹಾಕಿದ್ರ ಮುಖದ ಮ್ಯಾಲೆ ಸಿಡೀತದ. ಆದ್ರ "ಫ್ಯೂಜ್ ಛಲೋ ಅದ, ರಿಲೇ ಟಿಕ್ ಅಂತದ, ದೀಪ ಹತ್ತಿಲ್ಲ" ಅಂತ ಹೇಳಿ ನಿಂತ ಹೆಂಗಸಿಗೆ ಸಾಹೇಬ್ರನ್ನ ಕಳಸ್ರಿ ಅನ್ಲಿಕ್ಕೆ ಯಾರಿಗೂ ಬಾಯಿ ಬರೂದಿಲ್ಲ.

ಮುಂದಿನ ತಿಂಗಳು ಎಣ್ಣಿ ಬದಲಸಲಿಕ್ಕೆ ಅದ ಗ್ಯಾರೇಜಿಗೆ ಹೋದೆ. "ಸ್ಪ್ರಿಂಗ್ ಎಲ್ಲಿ ಹಾಕ್ಸಿದ್ರಿ ಅಕ್ಕಾರ, ಎಷ್ಟು ತಗೊಂಡ್ರು?" ಅಂದ. "ಒಂದು ಪಾಲಿಶ್ ಪೇಪರ್ ಹೋತು ತಮ್ಮಾ" ಅಂದು ಹಾರ್ನ್ ಒತ್ತಿ ತೋರಿಸಿದೆ.