ಸೂಲಗಿತ್ತಿಯ ವಿದ್ಯೆ ಕಾಲೇಜಿನದ್ದೂ ಆಗಲಿ

ನಮ್ಮ ಮನೆಗಳಲ್ಲಿ ಯಾರಿಗಾದರೂ ಹೆರಿಗೆಯ ದಿನ ಹತ್ತಿರವಾದರೆ ಮೊದಲು ಬರುವ ಪ್ರಶ್ನೆ, "ಅಲ್ಲಿ ಲೇಡಿ ಡಾಕ್ಟರ್ ಇದ್ದಾರಾ?" ಎಂಬುದು. ಪ್ರಶ್ನೆ ತಪ್ಪಲ್ಲ. ಅಂಥ ಹೊತ್ತಿನಲ್ಲಿ ತನ್ನ ಪಕ್ಕ ಹೆಣ್ಣೇ ಇರಲಿ ಎಂದು ಒಬ್ಬಳು ಬಯಸಿದರೆ ಅದು ಅವಳ ಹಕ್ಕು. ಆದರೆ ಅದೇ ಮನೆಯ ಹುಡುಗಿ ಪಿಯುಸಿ ಮುಗಿಸಿ "ನಾನು ನರ್ಸಿಂಗ್ ಓದ್ತೀನಿ, ಹೆರಿಗೆ ಮಾಡಿಸೋದು ಕಲೀತೀನಿ" ಅಂದರೆ ಬರುವ ಉತ್ತರ ಬೇರೆ. "ನೀಟ್‌ನಲ್ಲಿ ಸೀಟು ಸಿಕ್ಕರೆ ಡಾಕ್ಟರ್ ಆಗು, ಇಲ್ಲದಿದ್ದರೆ ಸುಮ್ಮನೆ ಡಿಗ್ರಿ ಮಾಡು. ನರ್ಸ್ ಯಾಕೆ? ನೈಟ್ ಡ್ಯೂಟಿ ಇರುತ್ತೆ, ನಾಳೆ ಸಂಬಂಧ ನೋಡೋವಾಗ ಕೇಳ್ತಾರೆ." ನಮ್ಮ ತರಗತಿಯ ಇಬ್ಬರು ಗೆಳತಿಯರಿಗೆ ಈ ವರ್ಷ ಸಿಕ್ಕಿದ್ದು ಇದೇ ಉತ್ತರ. ಹೆರಿಗೆ ಕೋಣೆಯಲ್ಲಿ ಎಲ್ಲರಿಗೂ ಹೆಣ್ಣೇ ಬೇಕು, ಆದರೆ ಆ ಹೆಣ್ಣು ಬೇರೆಯವರ ಮನೆಯವಳಾಗಿರಬೇಕು.

ಈ ಮಾತಿನ ಹಿಂದೆ ಇನ್ನೊಂದು ನಂಬಿಕೆ ಇದೆ. ಹೆರಿಗೆ ಮಾಡಿಸುವುದು ಕೈಚಳಕದ ಕೆಲಸ, ಅನುಭವದಿಂದ ಬರುವಂಥದ್ದು, ಅದರಲ್ಲಿ ಓದುವುದಕ್ಕೆ ಏನಿದೆ ಎಂಬುದು. ನಾನು ಈ ಲೇಖನ ಬರೆಯುತ್ತಿರುವುದು ಮುಖ್ಯವಾಗಿ ಆ ನಂಬಿಕೆಯ ವಿರುದ್ಧ.

ಅನುಭವವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಒಂದು ಪೈಸೆ ತೆಗೆದುಕೊಳ್ಳದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಅಂಥವರ ಕೈಯಲ್ಲಿ ಎಷ್ಟು ಜೀವಗಳು ಉಳಿದಿವೆಯೋ! ಆದರೆ ಒಬ್ಬರ ಬೆರಳಲ್ಲಿರುವ ಜ್ಞಾನ ಇನ್ನೊಬ್ಬರಿಗೆ ದಾಟಬೇಕಾದರೆ ಅದನ್ನು ಬರೆದಿಡಬೇಕು, ಪರೀಕ್ಷಿಸಬೇಕು. ಹಳೆಯ ಪದ್ಧತಿಗಳಲ್ಲಿ ಸರಿಯಾದದ್ದೂ ಇತ್ತು, ಅಪಾಯದ್ದೂ ಇತ್ತು. ನೋವು ಬರುವಾಗ ಗರ್ಭಿಣಿಯನ್ನು ಓಡಾಡಿಸುತ್ತಿದ್ದುದು, ಕುಕ್ಕರುಗಾಲಲ್ಲಿ ಕೂರಿಸುತ್ತಿದ್ದುದು ಸರಿ. ಮಗುವಿನ ಹೊಕ್ಕುಳಿಗೆ ಸಗಣಿ ಹಚ್ಚುತ್ತಿದ್ದುದು, ಮೊದಲ ಹಾಲನ್ನು ಹಿಂಡಿ ಚೆಲ್ಲುತ್ತಿದ್ದುದು ತಪ್ಪು. ಎರಡನ್ನೂ ಮಾಡುತ್ತಿದ್ದುದು ಅದೇ ಅನುಭವದ ಕೈ. ಯಾವುದು ಕಾಳು, ಯಾವುದು ಜೊಳ್ಳು ಎಂದು ತೂರಿ ತೋರಿಸಿದ್ದು ಸಂಶೋಧನೆ.

ದೊಡ್ಡ ಡಾಕ್ಟರುಗಳ ವಿಷಯದಲ್ಲೂ ಹೀಗೇ ಆಗಿದೆ. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯ 1840ರ ದಶಕದಲ್ಲಿ ಕೆಲಸ ಮಾಡುತ್ತಿದ್ದ ವಿಯೆನ್ನಾದ ಆಸ್ಪತ್ರೆಯಲ್ಲಿ ಹೆರಿಗೆ ವಿಭಾಗಗಳು ಎರಡಿದ್ದವು. ಒಂದರಲ್ಲಿ ವೈದ್ಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಇನ್ನೊಂದರಲ್ಲಿ ಸೂಲಗಿತ್ತಿಯರು. ಬಾಣಂತಿಯರು ನಂಜು ಜ್ವರದಿಂದ ಹೆಚ್ಚು ಸಾಯುತ್ತಿದ್ದುದು ಮೊದಲನೆಯದರಲ್ಲಿ! ಶವ ಕೊಯ್ದ ಕೈಯಲ್ಲೇ ವಿದ್ಯಾರ್ಥಿಗಳು ಹೆರಿಗೆ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರಿಗೆ ಶವದ ಕೋಣೆಯಲ್ಲಿ ಕೆಲಸವಿರಲಿಲ್ಲ. 1847ರ ಮೇ ತಿಂಗಳಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಅವರು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಆಗ ಬ್ಯಾಕ್ಟೀರಿಯಾದ ಸಿದ್ಧಾಂತವೇ ಬಂದಿರಲಿಲ್ಲ. ಅವರ ಬಳಿ ಇದ್ದದ್ದು ಎರಡು ವಿಭಾಗಗಳ ಲೆಕ್ಕ ಮಾತ್ರ.

ಇದು ದೂರದ ದೇಶದ ಹಳೆಯ ಕತೆ, ನಮಗೇನು ಎನ್ನುವವರಿಗೆ ನಮ್ಮದೇ ಬೆಳಗಾವಿ ಜಿಲ್ಲೆಯ ವಿಷಯ ಹೇಳುತ್ತೇನೆ. ಇದು ನಮ್ಮ ವಿಜ್ಞಾನ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಗೊತ್ತೋ ಕಾಣೆ.

ಜೀವಶಾಸ್ತ್ರದ ಪಠ್ಯದಲ್ಲಿ ಮಾನವ ಸಂತಾನೋತ್ಪತ್ತಿಯ ಅಧ್ಯಾಯ ಓದಿದವರಿಗೆ ಆಕ್ಸಿಟೋಸಿನ್ ಎಂಬ ಹಾರ್ಮೋನು ಗೊತ್ತು. ಗರ್ಭಕೋಶವನ್ನು ಬಿಗಿಯಾಗಿ ಸಂಕುಚಿಸುವಂತೆ ಮಾಡುವುದು ಅದರ ಕೆಲಸ. ಪಠ್ಯ ಅಲ್ಲಿಗೆ ಮುಂದಕ್ಕೆ ಹೋಗಿಬಿಡುತ್ತದೆ. ನಿಜವಾದ ಅಪಾಯ ಇರುವುದು ಅದರ ನಂತರದ ಅರ್ಧ ಗಂಟೆಯಲ್ಲಿ. ಮಗು ಹುಟ್ಟಿ, ಮಾಸು ಬಿಟ್ಟ ಮೇಲೆ ಅದು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳೆಲ್ಲ ಬಾಯಿ ತೆರೆದಿರುತ್ತವೆ. ಗರ್ಭಕೋಶ ಮುಷ್ಟಿಯಂತೆ ಬಿಗಿಯಾದರೆ ಆ ಬಾಯಿಗಳು ಮುಚ್ಚುತ್ತವೆ. ಸಡಿಲವಾಗಿ ಉಳಿದರೆ ನಿಮಿಷಕ್ಕೆ ಅರ್ಧ ಲೀಟರ್‌ನಷ್ಟು ರಕ್ತವೂ ಹೋಗಬಹುದು. ಆಕ್ಸಿಟೋಸಿನ್ ಚುಚ್ಚುಮದ್ದು ಇದಕ್ಕೆ ಔಷಧಿ. ಆದರೆ ಅದನ್ನು ಫ್ರಿಜ್ಜಿನಲ್ಲಿ ಇಡಬೇಕು, ಚುಚ್ಚಲು ಗೊತ್ತಿರುವವರು ಬೇಕು. ಕರೆಂಟೇ ಸರಿಯಾಗಿರದ ಹಳ್ಳಿಯಲ್ಲಿ ಏನು ಮಾಡುವುದು?

2002ರಿಂದ 2005ರವರೆಗೆ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜತೆ ಸೇರಿ ಈ ಪ್ರಶ್ನೆಗೆ ಉತ್ತರ ಹುಡುಕಿದರು. ಪ್ರಯೋಗ ನಡೆದದ್ದು ದೊಡ್ಡ ಆಸ್ಪತ್ರೆಯಲ್ಲಲ್ಲ, ಜಿಲ್ಲೆಯ ಹಳ್ಳಿಗಳ ಮನೆಗಳಲ್ಲಿ ಮತ್ತು ಉಪಕೇಂದ್ರಗಳಲ್ಲಿ. ನಡೆಸಿದವರು ಎಎನ್‌ಎಂಗಳು, ಅಂದರೆ ನಮ್ಮ ಹಳ್ಳಿಯವರು "ಸಿಸ್ಟರ್", "ನರ್ಸಮ್ಮ" ಎಂದು ಕರೆಯುವವರು. 1,620 ಬಾಣಂತಿಯರಲ್ಲಿ ಅರ್ಧದಷ್ಟು ಮಂದಿಗೆ ಮಗು ಹುಟ್ಟಿದ ಕೂಡಲೇ ಮಿಸೊಪ್ರೊಸ್ಟಾಲ್ ಎಂಬ ಮಾತ್ರೆ ಕೊಟ್ಟರು, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧಿಯಿಲ್ಲದ ಮಾತ್ರೆ. ಯಾವುದು ಯಾವುದೆಂದು ಕೊಡುವವರಿಗೂ ಗೊತ್ತಿರಲಿಲ್ಲ. ಔಷಧಿಯಿಲ್ಲದ ಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅತಿರಕ್ತಸ್ರಾವವಾಯಿತು, ಔಷಧಿ ಪಡೆದವರಲ್ಲಿ 6.4 ಮಂದಿಗೆ ಮಾತ್ರ. ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿದಿತ್ತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬಾಣಂತಿಯರ ರಕ್ತಸ್ರಾವ ತಡೆಯಲು ಈ ಮಾತ್ರೆಯನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಮಾತ್ರೆಗಿಂತ ನನಗೆ ಹೆಚ್ಚು ಇಷ್ಟವಾದದ್ದು ಈ ಪ್ರಯೋಗಕ್ಕಾಗಿ ಮಾಡಿಕೊಂಡ ಒಂದು ಪ್ಲಾಸ್ಟಿಕ್ ಹಾಳೆ. ಎಷ್ಟು ರಕ್ತ ಹೋಯಿತು ಎಂಬುದನ್ನು ಆವರೆಗೆ ಎಲ್ಲರೂ ಕಣ್ಣಂದಾಜಿನಲ್ಲೇ ಹೇಳುತ್ತಿದ್ದರು. ಬೆಳಗಾವಿಯವರು ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಯ ಗೆರೆಗಳಿರುವ ಚೀಲದಂಥ ಹಾಳೆಯನ್ನು ಬಳಸಿದರು. ಹೋಲಿಸಿ ನೋಡಿದರೆ ಕಣ್ಣಂದಾಜು ಅಳತೆಗಿಂತ ಶೇಕಡಾ 33ರಷ್ಟು ಕಡಿಮೆ! ಅಂದರೆ "ಪರವಾಗಿಲ್ಲ, ಸ್ವಲ್ಪವೇ ಹೋಗಿದೆ" ಎಂದುಕೊಂಡಷ್ಟರಲ್ಲಿ ಆಕೆ ಅಪಾಯದ ಗೆರೆ ದಾಟಿರುತ್ತಿದ್ದಳು. ಇದೇ ಬಗೆಯ ಅಳತೆ ಹಾಳೆಯನ್ನು ಬಳಸಿ ಆಫ್ರಿಕಾದ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನದ ಫಲಿತಾಂಶ 2023ರಲ್ಲಿ ಬಂತು. ಅಳೆಯುವುದು, ಅಳತೆ ಗೆರೆ ಮುಟ್ಟಿದ ತಕ್ಷಣ ಹೊಟ್ಟೆ ನೀವುವುದು, ಔಷಧಿ, ಡ್ರಿಪ್ ಎಲ್ಲವನ್ನೂ ಕಾಯದೆ ಒಟ್ಟಿಗೆ ಕೊಡುವುದು, ಇಷ್ಟೇ ಅಲ್ಲಿ ಮಾಡಿದ್ದು. ತೀವ್ರ ರಕ್ತಸ್ರಾವ, ಅದಕ್ಕಾಗಿ ಮಾಡುವ ಆಪರೇಷನ್, ಅದರಿಂದಾಗುವ ಸಾವು ಇವೆಲ್ಲ ಸೇರಿ ಶೇಕಡಾ 60ರಷ್ಟು ಕಡಿಮೆಯಾದವು.

ಎಎನ್‌ಎಂಗಳು ನಿಖರವಾಗಿ ಅಳೆದು, ಬರೆದು, ಸುಳ್ಳು ಸೇರಿಸದೆ ಕೊಟ್ಟಿದ್ದರಿಂದಲೇ ಬೆಳಗಾವಿಯ ಲೆಕ್ಕವನ್ನು ಜಗತ್ತು ನಂಬಿತು. ಆದರೂ ಅಧ್ಯಯನದ ಹೆಗ್ಗಳಿಕೆ ಹೇಳುವಾಗ ಡಾಕ್ಟರುಗಳ ಹೆಸರಷ್ಟೇ ಬರುತ್ತದೆ. ಅದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಪ್ರಶ್ನೆ ಕೇಳುವುದನ್ನೂ ಸೂಲಗಿತ್ತಿಯರಿಗೇ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನಲ್ಲಿ ಉದಾಹರಣೆ ಇದೆ. ಅಲ್ಲಿ ಮೋನಾ ರಾಮ್ನಿ ಎಂಬ ಮಿಡ್‌ವೈಫ್, ಹೆರಿಗೆಗೆ ಮೊದಲು ಎಲ್ಲರಿಗೂ ಕೂದಲು ಬೋಳಿಸುವುದು, ಎನಿಮಾ ಕೊಡುವುದು ನಿಜಕ್ಕೂ ಬೇಕಾ ಎಂದು 1980ರ ಸುಮಾರಿಗೆ ಪರೀಕ್ಷೆ ಮಾಡಿದರು. ಬೇಕಿಲ್ಲ ಎಂದು ಗೊತ್ತಾಯಿತು. ಜೆನಿಫರ್ ಸ್ಲೀಪ್ ಎಂಬ ಇನ್ನೊಬ್ಬ ಮಿಡ್‌ವೈಫ್ 1,000 ಹೆರಿಗೆಗಳ ಅಧ್ಯಯನ ಮಾಡಿ, ಮಗು ಬರುವ ದಾರಿಯನ್ನು ಕತ್ತರಿಸಿ ಹೊಲಿಗೆ ಹಾಕುವುದನ್ನು ಕಡಿಮೆ ಮಾಡಿದರೆ ನಷ್ಟವೇನಿಲ್ಲ ಎಂದು 1984ರಲ್ಲಿ ತೋರಿಸಿದರು. ಇಂಥ ಪ್ರಶ್ನೆಗಳು ಇಡೀ ರಾತ್ರಿ ಹೆಣ್ಣಿನ ಪಕ್ಕ ಕೂತವರಿಗೆ ಹೊಳೆಯುತ್ತವೆಯೇ ಹೊರತು ಕೊನೆಯ ಹತ್ತು ನಿಮಿಷಕ್ಕೆ ಬಂದು ಹೋಗುವವರಿಗಲ್ಲ.

ಪಕ್ಕ ಕೂರುವ ಮಾತು ಬಂದಿದ್ದರಿಂದ ಹೇಳುತ್ತೇನೆ. ನನ್ನ ಆಪಾಗೆ ಎರಡು ವರ್ಷದ ಹಿಂದೆ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹನ್ನೊಂದು ಗಂಟೆ ನೋವು ತಿಂದಳು, ಅಮ್ಮಿಯನ್ನು ಒಳಗೆ ಬಿಡಲಿಲ್ಲ. ಕೂಗಿದ್ದಕ್ಕೆ ಬೈಗುಳ ಬೇರೆ. ಮಗು, ತಾಯಿ ಚೆನ್ನಾಗಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ಆಪಾ ಇನ್ನೊಂದು ಮಗುವಿನ ಮಾತೆತ್ತಿದರೆ ಇವತ್ತಿಗೂ ಎದ್ದು ಒಳಗೆ ಹೋಗುತ್ತಾಳೆ. "ನಮ್ಮ ಕಾಲದ ದಾಯಿ ಕೈ ಬಿಡ್ತಿರಲಿಲ್ಲ" ಎನ್ನುತ್ತಾರೆ ನಾನಿ. ಇದು ಬರೀ ಭಾವನೆಯ ಮಾತು ಎಂದುಕೊಂಡಿದ್ದ ನನಗೆ ಆಮೇಲೆ ತಿಳಿಯಿತು: ಹೆರಿಗೆಯುದ್ದಕ್ಕೂ ಜತೆಗೊಬ್ಬರು ಇದ್ದರೆ ಆಪರೇಷನ್ನಿಲ್ಲದೆ ಹೆರಿಗೆಯಾಗುವ ಸಾಧ್ಯತೆ ಹೆಚ್ಚು ಎಂದು 15,000ಕ್ಕೂ ಹೆಚ್ಚು ಹೆಂಗಸರ ಮೇಲಿನ ಅಧ್ಯಯನಗಳನ್ನು ಒಟ್ಟು ಮಾಡಿ 2017ರಲ್ಲಿ ತೋರಿಸಿದ್ದಾರೆ. ಅದೇ ವರ್ಷ ಕೇಂದ್ರ ಸರ್ಕಾರ ಆರಂಭಿಸಿದ 'ಲಕ್ಷ್ಯ' ಕಾರ್ಯಕ್ರಮದಲ್ಲೂ ಹೆರಿಗೆ ಕೋಣೆಯಲ್ಲಿ ಜತೆಗಾರ್ತಿಗೆ ಅವಕಾಶವಿದೆ. ಕಾಗದದಲ್ಲಿ.

ಈಗೆಲ್ಲ ಎಲ್ಲರೂ ಆಸ್ಪತ್ರೆಗೇ ಹೋಗುತ್ತಾರಲ್ಲ, ಸೂಲಗಿತ್ತಿಯ ಮಾತೇಕೆ ಎಂದು ನನ್ನ ಅಣ್ಣ ಕೇಳಿದ. ನಿಜ, ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ ನಮ್ಮಲ್ಲಿ 69 ತಾಯಂದಿರು ತೀರಿಕೊಂಡರೆ ಪಕ್ಕದ ಕೇರಳದಲ್ಲಿ 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಹೆಚ್ಚು. ಇನ್ನೊಂದು ಕಡೆ ಸಿಸೇರಿಯನ್ 23.6ರಿಂದ 31.5ಕ್ಕೆ ಏರಿದೆ. ಬೇಕಾದವರಿಗೆ ಸಿಸೇರಿಯನ್ ಜೀವದಾನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ನಾಡಿನಲ್ಲಿ ಅದು ಶೇಕಡಾ 10 ದಾಟಿದ ಮೇಲೆ ಸಾವು ಇನ್ನಷ್ಟು ಇಳಿಯುವುದು ಕಾಣುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಕಟ್ಟಡದ ಬಾಗಿಲು ದಾಟಿಸಿದ್ದಾಯಿತು, ಒಳಗೆ ಯಾರಿದ್ದಾರೆ, ಅವರಿಗೆ ಏನು ಗೊತ್ತಿದೆ ಎನ್ನುವುದು ಈಗಿನ ಪ್ರಶ್ನೆ. 2018ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮಿಡ್‌ವೈಫರಿ ಸೇವೆಗಳ ಮಾರ್ಗಸೂಚಿ ತಂದಿತು. ಅದರಂತೆ ನರ್ಸಿಂಗ್ ಓದಿ ಅನುಭವ ಪಡೆದವರಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರ ಹೊಣೆಗೇ ಒಪ್ಪಿಸುವ ಯೋಜನೆ ಇದೆ. ಒಳ್ಳೆಯದೇ. ಆದರೆ ಅಲ್ಲಿಗೆ ಹೋಗಬೇಕಾದವರು ಇವತ್ತು ಪಿಯುಸಿಯಲ್ಲಿ ಕೂತಿದ್ದಾರೆ, ಅವರಿಗೆ ಇಂಥದ್ದೊಂದು ಇದೆ ಎಂದೇ ಗೊತ್ತಿಲ್ಲ.

ನಮ್ಮ ಸಮುದಾಯದ ಹಿರಿಯರಿಗೆ ಒಂದು ಮಾತು, ಬೇಅದಬಿ ಎಂದುಕೊಳ್ಳಬಾರದು. ಫರ್ಝ್ ಕಿಫಾಯಾ ಎಂದರೇನು ಎಂದು ಮದ್ರಸಾದಲ್ಲಿ ನಮಗೆ ಕಲಿಸಿದ್ದೀರಿ. ಕೆಲವರಾದರೂ ಮಾಡಿದರೆ ಎಲ್ಲರ ಹೊಣೆ ತೀರುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ತಪ್ಪಿತಸ್ಥರು. ಇಮಾಮ್ ಗಝ್ಝಾಲಿಯವರು 'ಇಹ್ಯಾ'ದಲ್ಲಿ ವೈದ್ಯವಿದ್ಯೆಯನ್ನು ಈ ಸಾಲಿಗೇ ಸೇರಿಸಿದ್ದಾರೆ. ಊರಲ್ಲಿ ವೈದ್ಯರಿಲ್ಲದಿದ್ದರೂ ಜನ ಫಿಕ್ಹ್‌ನ ವಾದವಿವಾದಕ್ಕೇ ಮುಗಿಬೀಳುತ್ತಾರೆ ಎಂದು ಬೇಸರಪಟ್ಟಿದ್ದಾರೆ ಕೂಡ. ಇಬ್ನ್ ಖಲ್ದೂನ್ 1377ರಲ್ಲಿ ಬರೆದ 'ಮುಖದ್ದಿಮಾ'ದಲ್ಲಿ ಸೂಲಗಿತ್ತಿಯರ ಕಸುಬಿಗೇ ಒಂದು ಅಧ್ಯಾಯ ಮೀಸಲಿಟ್ಟರು. ಹಾಲು ಬಿಡಿಸುವವರೆಗೆ ಶಿಶುವಿನ ಕಾಯಿಲೆಗಳನ್ನು ನುರಿತ ವೈದ್ಯನಿಗಿಂತ ಈ ಹೆಂಗಸರೇ ಚೆನ್ನಾಗಿ ಬಲ್ಲರು ಎಂದೂ ಬರೆದರು. ಆರು ನೂರು ವರ್ಷಗಳ ನಂತರ ನಾವು ಅದೇ ಕೆಲಸಕ್ಕೆ "ಸಂಬಂಧ ಬರೋಲ್ಲ" ಎನ್ನುತ್ತಿದ್ದೇವೆ. ನೈಟ್ ಡ್ಯೂಟಿಯ ಭಯ ಸುಳ್ಳಲ್ಲ, ಒಪ್ಪುತ್ತೇನೆ. ಅದಕ್ಕೆ ಸುರಕ್ಷಿತ ಹಾಸ್ಟೆಲ್, ಹೋಗಿ ಬರಲು ವಾಹನ ಕೇಳೋಣ. ಮಕ್ಕಳು ರಾತ್ರಿಯೂ ಹುಟ್ಟುತ್ತವಲ್ಲ.

ನಮ್ಮ ಕಾಲೇಜಿನಿಂದ ನಾನು ಕೇಳುವುದು ದೊಡ್ಡದೇನಲ್ಲ. ಜನವರಿಯ ಕರಿಯರ್ ಗೈಡೆನ್ಸ್ ಕಾರ್ಯಕ್ರಮಕ್ಕೆ ಪ್ರತಿ ವರ್ಷ ಒಬ್ಬ ಡಾಕ್ಟರ್, ಒಬ್ಬ ಎಂಜಿನಿಯರ್, ಒಬ್ಬ ಸಿಎ ಬರುತ್ತಾರೆ. ಈ ಸಲ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಸಿಸ್ಟರ್ ಅನ್ನೂ ಕರೆಯಲಿ, ಅವರನ್ನೂ ವೇದಿಕೆಯ ಮೇಲೇ ಕೂರಿಸಲಿ. ಅಂದು ಹುಡುಗಿಯರ ಜತೆ ತಾಯಂದಿರೂ ಬರಲಿ, ಸಾಧ್ಯವಾದರೆ ತಂದೆಯರೂ. ಪಿಸಿಬಿ ಓದಿದವರಿಗೆ ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಇದೆ, ಕಲಾ ಮತ್ತು ವಾಣಿಜ್ಯ ವಿಭಾಗದವರಿಗೂ ಎರಡು ವರ್ಷದ ಎಎನ್‌ಎಂ ಇದೆ. ಈ ಎರಡು ಸಾಲುಗಳನ್ನು ನೋಟಿಸ್ ಬೋರ್ಡಿನಲ್ಲಿ ನೀಟ್ ಕೋಚಿಂಗ್ ಪೋಸ್ಟರಿನ ಪಕ್ಕದಲ್ಲೇ ಹಚ್ಚಲು ಒಂದು ಹಾಳೆ ಸಾಕು. ಹಾಳೆ ನಾನೇ ಬರೆದು ಕೊಡುತ್ತೇನೆ.