ಆಸ್ಪತ್ರೆ ಕೊಡಬೇಕಾದ ಮಾತ್ರೆ

ಗರ್ಭಪಾತದ ಮಾತ್ರೆ ನುಂಗಿದರೆ ಪ್ರಾಣಕ್ಕೇ ಅಪಾಯ ಎಂಬ ಮಾತು ನಮ್ಮಲ್ಲಿ ಬಲವಾಗಿ ಬೇರುಬಿಟ್ಟಿದೆ. ಓದಿದವರೂ ಅದನ್ನೇ ಹೇಳುತ್ತಾರೆ. ಅದು ಸುಳ್ಳು. ಒಂಬತ್ತು ವಾರದೊಳಗಿನ ಗರ್ಭಕ್ಕೆ ವೈದ್ಯರು ನೋಡಿ, ತಿಳಿಹೇಳಿ ಕೊಟ್ಟ ಮಾತ್ರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿಗೆ ಬೇರೆ ಯಾವ ಚಿಕಿತ್ಸೆಯೂ ಬೇಡದಂತೆ ಕೆಲಸ ಮುಗಿಸುತ್ತದೆ. ರಕ್ತ ಕೊಡಬೇಕಾಗುವಷ್ಟು ಸ್ರಾವ ನೂರಕ್ಕೆ ಒಬ್ಬರಿಗೂ ಆಗುವುದಿಲ್ಲ. ಹೆಂಗಸರು ನರಳುತ್ತಿರುವುದಕ್ಕೆ ಕಾರಣ ಬೇರೆ ಇದೆ. ಕೊಡಬೇಕಾದವರು ಕೈಕಟ್ಟಿ ಕೂತಿದ್ದಾರೆ, ಹೇಳಬೇಕಾದ್ದನ್ನು ಹೇಳದವರು ಮಾರುತ್ತಿದ್ದಾರೆ. ಇದರ ಮೊದಲ ಹೊಣೆ ಸರ್ಕಾರದ್ದು, ಎರಡನೆಯದು ವೈದ್ಯರದ್ದು.

ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪಿನಲ್ಲಿ ನಡೆಯುವ ವ್ಯವಹಾರ ಊರಿಗೆಲ್ಲ ಗೊತ್ತಿರುವಂಥದ್ದೇ. ಸಾಮಾನ್ಯವಾಗಿ ಬರುವವನು ಗಂಡ. ಬೇರೆ ಗಿರಾಕಿಗಳು ಹೋಗುವ ತನಕ ಪಕ್ಕದಲ್ಲಿ ನಿಂತಿದ್ದು, ದನಿ ತಗ್ಗಿಸಿ, ‘ಡೇಟ್ ಮುಂದೆ ಹೋಗಿದೆ, ಒಂದು ಕಿಟ್ ಕೊಡಿ’ ಅನ್ನುತ್ತಾನೆ. ಕೊನೆಯ ಮುಟ್ಟು ಯಾವಾಗ ಆಗಿತ್ತು ಎಂದು ಯಾರೂ ಕೇಳುವುದಿಲ್ಲ. ವೈದ್ಯರ ಚೀಟಿ ಕೇಳುವುದಿಲ್ಲ, ಬಿಲ್ಲೂ ಕೊಡುವುದಿಲ್ಲ. ಐದು ಮಾತ್ರೆಯ ಕಿಟ್ ಕಾಗದದ ಕವರಿಗೆ ಬೀಳುತ್ತದೆ. ‘ಇದೊಂದು ಇವತ್ತು, ಉಳಿದ ನಾಲ್ಕು ನಾಡಿದ್ದು’, ಅಷ್ಟು ಹೇಳಿ ಕಳಿಸುತ್ತಾರೆ. ಒಳಗಿರುವ ಸೂಚನೆ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿದೆ. ಮನೆಯಲ್ಲಿ ಅದನ್ನು ನುಂಗುವ ಹೆಣ್ಣಿಗೆ ಎಷ್ಟು ರಕ್ತ ಹೋದರೆ ಸಹಜ, ಎಷ್ಟು ಹೋದರೆ ಆಸ್ಪತ್ರೆಗೆ ಓಡಬೇಕು ಎಂಬುದೇ ತಿಳಿದಿರುವುದಿಲ್ಲ.

ಅವಳಿಗೆ ತಿಳಿಯಬೇಕಾದ್ದು ಬಹಳವೇನೂ ಇಲ್ಲ. ಮೊದಲ ಮಾತ್ರೆ ಮಿಫೆಪ್ರಿಸ್ಟೋನ್, 200 ಮಿಲಿಗ್ರಾಂ. ಗರ್ಭ ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನಿನ ಕೆಲಸವನ್ನು ಅದು ತಡೆಯುತ್ತದೆ. ಒಂದೆರಡು ದಿನದ ಮೇಲೆ ತೆಗೆದುಕೊಳ್ಳುವ ನಾಲ್ಕು ಮಾತ್ರೆ ಮಿಸೊಪ್ರೊಸ್ಟಾಲ್. ಅವು ಗರ್ಭಕೋಶವನ್ನು ಹಿಂಡಿ ಒಳಗಿನದನ್ನು ಹೊರಹಾಕುತ್ತವೆ. ಕೆಲವು ಗಂಟೆ ಹೊಟ್ಟೆನೋವು ಜೋರಾಗಿರುತ್ತದೆ, ಮುಟ್ಟಿಗಿಂತ ಹೆಚ್ಚು ರಕ್ತ ಹೋಗುತ್ತದೆ, ಗೆಡ್ಡೆಗಳೂ ಬೀಳುತ್ತವೆ. ಆಮೇಲೆ ಕಡಿಮೆಯಾಗುತ್ತ ಎರಡು ವಾರದವರೆಗೂ ಸ್ವಲ್ಪಸ್ವಲ್ಪ ಹೋಗುತ್ತಿರಬಹುದು. ಇಷ್ಟನ್ನು ಮೊದಲೇ ಹೇಳಿದ್ದರೆ ಅವಳು ಹೆದರಿ, ಬೇಡದಿದ್ದರೂ ‘ಕ್ಲೀನ್’ ಮಾಡಿಸಿಕೊಳ್ಳಲು ಹೋಗುವುದಿಲ್ಲ. ಮುಂದೆ ಮಕ್ಕಳಾಗುವುದಿಲ್ಲ ಎನ್ನುವುದಂತೂ ಹಸಿ ಸುಳ್ಳು. ಮುಂದಿನ ಮುಟ್ಟಿಗೆ ಮುಂಚೆಯೇ ಮತ್ತೆ ಬಸಿರಾಗಬಹುದು. ಆದ್ದರಿಂದಲೇ ಗರ್ಭನಿರೋಧಕದ ಮಾತನ್ನು ಅದೇ ಭೇಟಿಯಲ್ಲಿ ಆಡಿ ಮುಗಿಸಬೇಕು.

ಅಪಾಯ ಇರುವುದು ಯಾರೂ ಕೇಳದ ಪ್ರಶ್ನೆಗಳಲ್ಲಿ. ಗರ್ಭವು ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿದ್ದರೆ ಈ ಮಾತ್ರೆ ಅದನ್ನು ಕರಗಿಸುವುದಿಲ್ಲ. ಇತ್ತ ರಕ್ತ ಹೋಯಿತು, ಕೆಲಸ ಆಯಿತು ಎಂದುಕೊಂಡಿರುವಾಗಲೇ ಅತ್ತ ನಾಳ ಒಡೆಯಬಹುದು. ವಂಕಿ ಹಾಕಿಸಿಕೊಂಡವರು, ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರು, ಬಹುಕಾಲದಿಂದ ಸ್ಟೀರಾಯ್ಡ್ ನುಂಗುತ್ತಿರುವವರು ವೈದ್ಯರಿಗೆ ಹೇಳದೆ ಇದನ್ನು ಮುಟ್ಟಬಾರದು. ತೀವ್ರ ರಕ್ತಹೀನತೆ ಇದ್ದವರಿಗೂ ಅದೇ ಮಾತು. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಮಟ್ಟದ ರಕ್ತಹೀನತೆ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಗಂಟೆಗೆ ಎರಡು ದಪ್ಪ ಪ್ಯಾಡ್ ತೊಯ್ಯುವಷ್ಟು ಸ್ರಾವ ಎರಡು ಗಂಟೆ ಬಿಡದೆ ಆದರೆ, ಒಂದು ದಿನ ದಾಟಿಯೂ ಜ್ವರ ಇಳಿಯದಿದ್ದರೆ, ಹೊಟ್ಟೆಯ ಒಂದೇ ಪಕ್ಕ ತಡೆಯಲಾರದ ನೋವು ಬಂದರೆ, ಕಣ್ಣು ಕತ್ತಲಿಟ್ಟರೆ ಕೂಡಲೇ ಆಸ್ಪತ್ರೆ ಸೇರಬೇಕು. ಈ ನಾಲ್ಕು ಸಾಲನ್ನು ಕನ್ನಡದಲ್ಲಿ ಅಚ್ಚುಮಾಡಿ ಪೊಟ್ಟಣದೊಳಗೆ ಇಡಿಸಲು ಎಷ್ಟು ಖರ್ಚಾಗುತ್ತದೆ?

ಭಾರತ ಮಿಫೆಪ್ರಿಸ್ಟೋನಿಗೆ ಒಪ್ಪಿಗೆ ಕೊಟ್ಟದ್ದು 2002ರಲ್ಲಿ, ಎರಡನ್ನೂ ಸೇರಿಸಿದ ಕಿಟ್‌ಗೆ 2008ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಈ ಜೋಡಿಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದ್ದು 2005ರಲ್ಲಿ. 2019ರಲ್ಲಿ, ವೈದ್ಯರ ಕಟ್ಟುನಿಟ್ಟಿನ ಕಣ್ಗಾವಲು ಬೇಕೆಂಬ ಷರತ್ತನ್ನೂ ಅದು ತೆಗೆದುಹಾಕಿತು. ಇಷ್ಟು ದೀರ್ಘ ಕಾಲ ಕೈಯಲ್ಲಿದ್ದ ಔಷಧವನ್ನು ನಾವು ಏನು ಮಾಡಿದೆವು ಎಂಬುದಕ್ಕೆ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂದ ಅಧ್ಯಯನವೇ ಸಾಕ್ಷಿ. 2015ರಲ್ಲಿ ದೇಶದಲ್ಲಿ ಆದ ಗರ್ಭಪಾತಗಳು 1 ಕೋಟಿ 56 ಲಕ್ಷ ಎಂದು ಅದು ಅಂದಾಜು ಮಾಡಿತು. ಅದರಲ್ಲಿ 73 ಶೇಕಡಾ ಯಾವ ಆಸ್ಪತ್ರೆಯ ಸಹಾಯವೂ ಇಲ್ಲದೆ ಮಾತ್ರೆಯಿಂದ ಆದದ್ದು. ಅಂದರೆ ಹೆಂಗಸರು ಈ ಮಾತ್ರೆಯನ್ನು ಆಗಲೇ ಒಪ್ಪಿಕೊಂಡಾಗಿದೆ. ಅಂಗಡಿ ಮುಚ್ಚಿಸಿದರೆ ಅವರು ಬಸಿರನ್ನು ಮುಂದುವರಿಸುವುದಿಲ್ಲ. ಕಡ್ಡಿ ಹಾಕುವವರನ್ನು, ಬೇರು ಕೊಡುವವರನ್ನು ಹುಡುಕಿಕೊಂಡು ಹೋಗುತ್ತಾರೆ. ನಮ್ಮ ಅಜ್ಜಿಯರ ಕಾಲದಲ್ಲಿ ನಂಜೇರಿ ಸತ್ತವರ ಲೆಕ್ಕವನ್ನು ಯಾರೂ ಬರೆದಿಟ್ಟಿಲ್ಲ.

ಇನ್ನು ವೈದ್ಯರ ವಿಷಯ. 1971ರ ಗರ್ಭಪಾತ ಕಾಯ್ದೆಯಲ್ಲಿ 18 ತುಂಬಿದ ಹೆಣ್ಣಿನ ಸಮ್ಮತಿ ಒಂದೇ ಸಾಕು ಎಂದಿದೆ. ಗಂಡನ ಸಹಿ ಬೇಕೆಂದು ಅದರ ಯಾವ ಸಾಲೂ ಹೇಳುವುದಿಲ್ಲ. ಆದರೂ ಆಸ್ಪತ್ರೆಗಳು ಅರ್ಧ ಶತಮಾನದಿಂದ ಗಂಡನ ಸಹಿ ಕೇಳುತ್ತಲೇ ಇವೆ. ‘ಅವರನ್ನು ಕರೆದುಕೊಂಡು ಬಾರಮ್ಮ’ ಎಂದು ವಾಪಸ್ ಕಳಿಸಿದ ಹೆಣ್ಣು ಮತ್ತೆ ಬರುವುದು ಮೂರು ವಾರದ ಮೇಲೆ, ಮಾತ್ರೆಯ ಅವಧಿ ಮುಗಿದ ಮೇಲೆ. ಇಲ್ಲವೇ ಅವಳು ಬರುವುದೇ ಇಲ್ಲ. 2021ರ ತಿದ್ದುಪಡಿ ‘ಗಂಡ’ ಇದ್ದ ಕಡೆ ‘ಸಂಗಾತಿ’ ಎಂದು ಬರೆಯಿತು, ಹೆಣ್ಣಿನ ಗುರುತನ್ನು ಬಯಲುಮಾಡುವವರಿಗೆ ಒಂದು ವರ್ಷದವರೆಗೆ ಜೈಲು ಎಂದಿತು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟು ಮದುವೆಯಾಗದ ಹೆಣ್ಣಿಗೂ ಗರ್ಭಪಾತದ ಇದೇ ಹಕ್ಕು ಉಂಟು ಎಂದು ತೀರ್ಪು ಕೊಟ್ಟಿತು. ಕಾಯ್ದೆಯಲ್ಲಿಲ್ಲದ ಷರತ್ತುಗಳನ್ನು ವೈದ್ಯರು ಹೇರಬಾರದು ಎಂದೂ ಹೇಳಿತು. ಇಷ್ಟಾದ ಮೇಲೂ ಕಾಗದದ ಮೇಲೆ ಗಂಡನ ಸಹಿಗೆ ಜಾಗ ಬಿಡುವ ಆಸ್ಪತ್ರೆ ಕಾನೂನು ಮೀರುತ್ತಿದೆ. ಅದನ್ನು ಎಚ್ಚರಿಕೆಯ ನೆಪದಲ್ಲಿ ಮನ್ನಿಸಲಾಗದು. ವೈದ್ಯರ ಭಯಕ್ಕೂ ಒಂದು ಕಾರಣವಿದೆ, ಅದನ್ನು ಒಪ್ಪೋಣ. ಗರ್ಭಪಾತ ನಮ್ಮಲ್ಲಿ ಇಂದಿಗೂ ಅಪರಾಧಕ್ಕೆ ಕೊಟ್ಟ ವಿನಾಯಿತಿ ಮಾತ್ರ. 1860ರ ದಂಡ ಸಂಹಿತೆಯ 312ನೇ ಕಲಮು ಭಾರತೀಯ ನ್ಯಾಯ ಸಂಹಿತೆಯಲ್ಲಿ 88ನೆಯದಾಗಿ ಹಾಗೇ ಬಂದು ಕೂತಿದೆ. ತನ್ನ ಗರ್ಭವನ್ನು ತಾನೇ ತೆಗೆದುಕೊಂಡ ಹೆಣ್ಣೂ ಅದರ ಪ್ರಕಾರ ಅಪರಾಧಿ. ಸಂಹಿತೆಗೆ ಹೊಸ ಹೆಸರಿಟ್ಟ ಸಂಸತ್ತು ಇದನ್ನು ತೆಗೆಯದೆ ಬಿಟ್ಟದ್ದು ನಾಚಿಕೆಗೇಡು.

ಹೆಣ್ಣುಭ್ರೂಣ ಹತ್ಯೆಯ ಮಾತು ತೆಗೆದು ಈ ಮಾತ್ರೆಯನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸುವವರಿದ್ದಾರೆ. 2023ರ ನವೆಂಬರಿನಲ್ಲಿ ಬೆಂಗಳೂರು ಪೊಲೀಸರು ಬಯಲಿಗೆಳೆದ ಜಾಲವನ್ನು ಯಾರೂ ಮರೆತಿಲ್ಲ. ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಲಿಂಗ ನೋಡಿ, ಹೆಣ್ಣಾದರೆ ತೆಗೆಸುತ್ತಿದ್ದರು. ಪೊಲೀಸರು ಕೊಟ್ಟ ಲೆಕ್ಕ ಸುಮಾರು 900. ಅಂಥವರಿಗೆ ಎಷ್ಟು ಶಿಕ್ಷೆಯಾದರೂ ಕಡಿಮೆಯೇ. ಆದರೆ ಸ್ಕ್ಯಾನಿಂಗಿನಲ್ಲಿ ಲಿಂಗ ನಂಬುವಂತೆ ತಿಳಿಯುವುದು ಹನ್ನೆರಡು ವಾರ ಕಳೆದ ಮೇಲೆ, ಕಾನೂನು ಈ ಕಿಟ್ ಕೊಡಲು ಬಿಡುವುದು ಒಂಬತ್ತು ವಾರದವರೆಗೆ. ಆ ಹೊತ್ತಿಗೆ ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಆ ಯಂತ್ರ ಹೇಳಲಾರದು. ಅವಧಿ ಮೀರಿದವರಿಗೆ ಕದ್ದು ಮಾತ್ರೆ ಕೊಡುವವನನ್ನು ಹಿಡಿಯಿರಿ. ಎರಡು ತಿಂಗಳಿಗೇ ಬಂದ ಹೆಣ್ಣಿಗೂ ಮಾತ್ರೆ ಸಿಗದಂತೆ ಮಾಡಿದರೆ ಅದರಿಂದ ಒಂದು ಹೆಣ್ಣುಮಗುವೂ ಉಳಿಯುವುದಿಲ್ಲ.

ವೈದ್ಯರ ಹಿಂಜರಿಕೆಯ ವಿಷಯದಲ್ಲಿ ಐರ್ಲೆಂಡಿನವರು ಪಾಠ ಕಲಿತದ್ದು ನಮ್ಮ ಬೆಳಗಾವಿಯ ಮಗಳ ಸಾವಿನಿಂದ. ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಗಾಲ್ವೆಯ ಆಸ್ಪತ್ರೆಯಲ್ಲಿ ನಂಜೇರಿ ತೀರಿಕೊಂಡಾಗ ಆಕೆಗೆ 31 ವರ್ಷ. 17 ವಾರದ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾಗಿತ್ತು, ಅದನ್ನು ತೆಗೆಯುವಂತೆ ಆಕೆ ಕೇಳಿಕೊಂಡಳು; ಭ್ರೂಣದ ಎದೆಬಡಿತ ಇದೆ ಎಂದು ವೈದ್ಯರು ಒಪ್ಪಲಿಲ್ಲ. ಆಕೆಯದು ಮಾತ್ರೆಯ ಪ್ರಕರಣವಲ್ಲ, ಆದರೆ ಹಿಂಜರಿದ ವೈದ್ಯರಿಂದ ಏನಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ. 2018ರ ಮೇ 25ರ ಜನಮತಗಣನೆಯಲ್ಲಿ ಐರ್ಲೆಂಡಿನ 66 ಶೇಕಡಾ ಮತದಾರರು ಗರ್ಭಪಾತದ ಮೇಲಿದ್ದ ಹಳೆಯ ನಿಷೇಧವನ್ನು ಕಿತ್ತುಹಾಕಿದರು. ಈಗ ಅಲ್ಲಿ ಒಂಬತ್ತು ವಾರದೊಳಗೆ ಹೋದ ಹೆಣ್ಣಿಗೆ ಊರಿನ ಸಾಮಾನ್ಯ ವೈದ್ಯರೇ ಈ ಮಾತ್ರೆ ಕೊಡುತ್ತಾರೆ. ಸವಿತಾಳ ತವರಿನಲ್ಲಿ ಅದಕ್ಕೆ ಬೇಕಾದ ಕಾಯ್ದೆ ಆಕೆ ಹುಟ್ಟುವ ಮೊದಲೇ ಇತ್ತು.

ಇಲ್ಲಿ ಕೊರತೆ ಕಾಯ್ದೆಯದ್ದಲ್ಲವಾದ್ದರಿಂದ ಸರ್ಕಾರ ತಪ್ಪಿಸಿಕೊಳ್ಳುವಂತಿಲ್ಲ. ಸರ್ಕಾರಿ ಆಸ್ಪತ್ರೆಗೆ ಪ್ರತ್ಯೇಕ ಅನುಮತಿ ಬೇಕಿಲ್ಲ. ಸ್ತ್ರೀರೋಗ ತಜ್ಞರೇ ಆಗಬೇಕೆಂದೂ ಇಲ್ಲ. ಮೇಲ್ವಿಚಾರಣೆಯಲ್ಲಿ ಹತ್ತು ಪ್ರಕರಣ ನಿರ್ವಹಿಸಿದ ಎಂಬಿಬಿಎಸ್ ವೈದ್ಯರು ಒಂಬತ್ತು ವಾರದವರೆಗೆ ಮಾತ್ರೆ ಕೊಡಬಹುದೆಂದು 2021ರ ನಿಯಮಗಳೇ ಹೇಳುತ್ತವೆ. ಹಾಗಿದ್ದ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಆ ತರಬೇತಿ ಯಾಕೆ ಸಿಕ್ಕಿಲ್ಲ, ಔಷಧ ಕೊಠಡಿಯಲ್ಲಿ ಕಿಟ್ ಯಾಕಿಲ್ಲ ಎಂದು ಆರೋಗ್ಯ ಸಚಿವರು ಉತ್ತರಿಸಬೇಕು. ಯಾವ ಕೇಂದ್ರದಲ್ಲಿ ಯಾವ ವಾರ ಈ ಸೇವೆ ಸಿಗುತ್ತದೆ ಎಂದು ಆಶಾ ಕಾರ್ಯಕರ್ತೆಗೆ ತಿಳಿಸಿರಬೇಕು, ಆಕೆ ಅದನ್ನು ಮನೆಯ ಹೆಣ್ಣಿಗೆ ಗುಟ್ಟಾಗಿ ಹೇಳುವಂತಿರಬೇಕು. ಗಂಡನ ಸಹಿಯ ಜಾಗವಿರುವ ನಮೂನೆಗಳನ್ನು ಸುತ್ತೋಲೆ ಹೊರಡಿಸಿ ಹಿಂತೆಗೆಸಬೇಕು. ಮಾತ್ರೆ ಕೊಡುವ ಸರ್ಕಾರಿ ಆಸ್ಪತ್ರೆಗಳ ಪಟ್ಟಿಯನ್ನು ಇಲಾಖೆ ತಾಲ್ಲೂಕುವಾರು ಪ್ರಕಟಿಸಲಿ. ಒಂದೂ ಹೆಸರಿಲ್ಲದ ತಾಲ್ಲೂಕಿನ ಆರೋಗ್ಯಾಧಿಕಾರಿ ಅದಕ್ಕೆ ಕಾರಣವನ್ನು ಲಿಖಿತವಾಗಿ ಕೊಡಲಿ.