ಕರೀ ಗಾಗಲ್, ಕಬ್ಬಿನ ಟ್ರೇಲರ್

ಏನ್ರಪಾ ದೋಸ್ತರೇ, ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು ನಿಂತಿದ್ದೀರಾ? ಹಾಗಾದರೆ ಒಮ್ಮೆ ಸುತ್ತಲೂ ನೋಡಿ. ಎಲ್ಲರ ಮುಖದ ಮೇಲೂ ಗಾಗಲ್! ನೀಲಿ, ಕೇಸರಿ, ಕನ್ನಡಿಯಂಗ ಹೊಳೆಯೋದು... ಎದುರಿಗೆ ನಿಂತವನು ಅದರಲ್ಲೇ ತಲೆ ಬಾಚಿಕೊಳ್ಳಬೇಕು.

ನಗಬೇಡಿ, ನಾನೂ ಅಂಥವನೇ. ಪಿಯುಸಿ ಬಿಟ್ಟು ಬರೆಯಲು ಶುರುಮಾಡಿದ ಮೇಲೆ ಮೊದಲ ಸಂಭಾವನೆಯಲ್ಲಿ ಕೊಂಡದ್ದು ಗಾಗಲ್. ನಿಪ್ಪಾಣಿಯ ರಸ್ತೆ ಬದಿಯದು. ಕತ್ತಲಾದರೂ ತೆಗೀತಿರಲಿಲ್ಲ. ಹೀರೋ ತೆಗೀತಾನೇನು?

ಕಬ್ಬಿನ ಸೀಜನ್. ಕಾಗವಾಡದಿಂದ ಉಗಾರದ ಕಡೆ ಬೈಕಿನಲ್ಲಿ ಹೊರಟಿದ್ದೆ, ಹಿಂದೆ ಗೆಳೆಯ. ಹೊತ್ತು ಮುಳುಗಿತ್ತು. ಮುಂದೆ ಕಬ್ಬು ಹೇರಿದ ಟ್ರೇಲರ್ ನಿಂತಿತ್ತು. ಹಿಂದೆ ಕೆಂಪು ದೀಪವಿಲ್ಲ, ಏನಿಲ್ಲ. ನನಗೆ ಕಾಣಲೇ ಇಲ್ಲ. ‘ಲೇ, ಬ್ರೇಕ್ ಹಾಕಲೇ!’ ಅಂತ ಅವನು ಕೂಗಿದ. ನಾನು ಗಟಾರಕ್ಕೆ ಬಿದ್ದೆ, ಬರೀ ತರಚು ಗಾಯ. ಅವನ ಬಲಗೈ ಮುರಿಯಿತು. ಟ್ರ್ಯಾಕ್ಟರ್ ಡ್ರೈವರ್ ಅವನು. ಆ ಸೀಜನ್ನಿನ ದುಡಿಮೆ ಪೂರ್ತಿ ಹೋಯಿತು. ಕೇಳಿದವರಿಗೆಲ್ಲ ‘ರಸ್ತೆ ಖರಾಬ್ ಇತ್ರೀ’ ಅಂದ. ಗಾಗಲ್ ಮಾತು ಎತ್ತಲಿಲ್ಲ. ನಾನೂ ಇವತ್ತಿನವರೆಗೆ ಎತ್ತಿರಲಿಲ್ಲ.

ನಮ್ಮ ಪಕ್ಕದ ಕೊಲ್ಹಾಪುರದ ವಿ. ಶಾಂತಾರಾಂ ಗೊತ್ತಲ್ಲ? 1957ರ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕಾಗಿ ಗೂಳಿಯೊಡನೆ ಸೆಣಸುವಾಗ ಕಣ್ಣಿಗೆ ಪೆಟ್ಟು ಬಿತ್ತು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದರು. ಆಮೇಲೆ 1959ರಲ್ಲಿ ಬಣ್ಣಬಣ್ಣದ ‘ನವರಂಗ್’ ತೆಗೆದರು! ಕಣ್ಣಿನ ಬೆಲೆ ಅವರಿಗೆ ಗೊತ್ತಿತ್ತು.

ಗೆಳೆಯನ ಹತ್ತಿರ ಈಗ ಒಂದು ಸಾದಾ ಕರೀ ಚಷ್ಮಾ ಇದೆ. ಹೊಳಪಿಲ್ಲ, ದೊಡ್ಡ ಹೆಸರಿಲ್ಲ. ಅಥಣಿಯ ಚಷ್ಮಾದ ಅಂಗಡಿಯಲ್ಲಿ ‘ಯುವಿ 400’ ಇದೆಯಾ ಅಂತ ಕೇಳಿ ತಂದದ್ದು. ಅಂದರೆ ಬಿಸಿಲಿನ ಅತಿನೇರಳೆ ಕಿರಣ ತಡೆಯುವ ಗಾಜು. ಅದಿಲ್ಲದ ಬರೀ ಕಪ್ಪು ಗಾಜು ಹಾಕಿದರೆ ಕತ್ತಲೆಂದು ಕಣ್ಣಪಾಪೆ ಅಗಲವಾಗಿ, ಆ ಕಿರಣ ಇನ್ನೂ ಒಳಗೆ ಹೋಗ್ತದಂತೆ. ನಾನು ರಸ್ತೆ ಬದಿ ಕೊಂಡವನು, ಯಾರನ್ನು ಕೇಳಲಿ?

ಮಧ್ಯಾಹ್ನದ ಧೂಳಿನಲ್ಲಿ ಅದನ್ನು ಹಾಕಿಕೊಂಡು ಟ್ರ್ಯಾಕ್ಟರ್ ಮೇಲೆ ಕೂತರೆ, ಖರೇ ಹೇಳ್ತೀನಿ, ಯಾವ ಪೋಸೂ ಇಲ್ಲದೇ ಛಂದ ಕಾಣ್ತಾನೆ.

ಕಳೆದ ತಿಂಗಳು ರಾಯಬಾಗದಲ್ಲಿ ಸಿಕ್ಕಿದ್ದ. ಹೊತ್ತು ಮುಳುಗುತ್ತಿತ್ತು. ಚಷ್ಮಾ ತೆಗೆದು ಅಂಗಿ ಕಿಸೆಗೆ ಹಾಕಿ, ನನ್ನ ಬೈಕಿನ ಕೀಲಿಗೆ ಕೈ ಚಾಚಿದ.

‘ಹಿಂದ ಕೂಡಲೇ, ನಾ ಹೊಡೀತೀನಿ.’